ಸೋಮವಾರದ ದನಿ

ಹಿರೇಕೆರೂರು ಬಸ್‌ಸ್ಟ್ಯಾಂಡಿನ ಕಂಟ್ರೋಲರ್ ಗುರುಬಸಪ್ಪ ಮೊಬೈಲಿನಲ್ಲಿ ನೋಡಿ ನೋಡಿ ಇಟಲಿಯ ಒಂದು ಫುಟ್‌ಬಾಲ್ ತಂಡವನ್ನು ಮನೆಮಂದಿಯ ಹಾಗೆ ಹಚ್ಚಿಕೊಂಡಿದ್ದ. "ನಮ್ಮವರು" ಭಾನುವಾರ ಸೋತರೆಂದರೆ, ಸೋಮವಾರ ಅವನು ಮೈಕಿನಲ್ಲಿ ಕೂಗುವ ಹಾವೇರಿ ಬಸ್ಸೂ ಯಾರದೋ ಮಣ್ಣಿಗೆ ಹೊರಟಂತೆ ಕೇಳಿಸುತ್ತಿತ್ತು. ಈ ವರ್ಷವಂತೂ ಸೋಲಿನ ಮೇಲೆ ಸೋಲು. "ಗೋಲ್‌ಕೀಪರ್‌ಗೆ ಮೊಣಕಾಲ ನೋವೈತ್ರಿ, ಪಾಪ, ಹೆಂಗ ಜಿಗೀಬೇಕ ಅಂವಾ?" ಎಂದು ಮಾಸೂರಿನ ಬಸ್ಸು ವಿಚಾರಿಸಲು ಬಂದವರಿಗೆ ಹೇಳುತ್ತಿದ್ದ, ಅವರೂ ಲೊಚಗುಟ್ಟುತ್ತ ನಿಂತು ಬಸ್ಸು ತಪ್ಪಿಸಿಕೊಳ್ಳುತ್ತಿದ್ದರು. ಕೊನೆಗೆ ತಂಡ ಕೆಳಗಿನ ದರ್ಜೆಗೆ ಬಿತ್ತು. ಆ ಸೋಮವಾರ "ಅಕ್ಕಿಆಲೂರು" ಎನ್ನುವಾಗ ಅವನ ದನಿ ಒಡೆಯಿತು. ಬಂದ್ ಮಾಡಲು ಮರೆತ ಮೈಕಿನಲ್ಲಿ ಅವನ ಬಿಕ್ಕು ಇಡೀ ಸ್ಟ್ಯಾಂಡಿಗೆ ಕೇಳಿಸಿತು. ಕಾಲೇಜು ಹುಡುಗರು ನಕ್ಕರು, ನಗುವ ವಯಸ್ಸು. ಚಹಾದಂಗಡಿಯ ಮಂಜವ್ವ ನಗಲಿಲ್ಲ. ಹೋದ ವರ್ಷ ಹೆಂಡತಿ ನೀಲಾಂಬಿಕಾಳನ್ನು ಮಣ್ಣು ಮಾಡಿ ಬಂದ ಮರುದಿನವೇ ಅವನು ಇದೇ ಕುರ್ಚಿಯಲ್ಲಿ ಕುಳಿತು, ಒಂದೂರಿನ ಹೆಸರಿಗೂ ತಡವರಿಸದೆ ಕೂಗಿದ್ದನ್ನು ಅವಳು ಕೇಳಿದ್ದಳು. ಈಗ ಚಹಾ ತಂದಿಟ್ಟು, ಮೈಕು ಆರಿಸಿ, ಅಂದಳು: "ಅಳ್ರಿ ಸಾಹೇಬ್ರ. ಇಟಲಿಯವರ ಹೆಸರ್ಲೇ ಆದ್ರೂ ಒಮ್ಮೆ ಅತ್ತುಬಿಡ್ರಿ."