ಪಕ್ಕದ ಸೈಟಿನ ಬಾವಿ

ನಮ್ಮಮ್ಮ ನಾವು ಕೊಳ್ಳಬೇಕಿದ್ದ ಸೈಟಿಗಿಂತ ಮೊದಲು ಅದರ ಪಕ್ಕದ ಸೈಟನ್ನು ನೋಡಿದಳು. ಬಂಗಾರಪೇಟೆ ಸ್ಟೇಷನ್ನಿನಿಂದ ಆಚೆ, ಮೊನ್ನೆ ಮೊನ್ನೆವರೆಗೆ ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಕಲ್ಲು ನೆಟ್ಟು ಲೇಔಟ್ ಮಾಡಿದ್ದರು. ಬೆಂಗಳೂರಿನಲ್ಲಿ ಬಚ್ಚಲುಮನೆಗೂ ಸಾಲದ ದುಡ್ಡಿಗೆ ಇಲ್ಲಿ ಇಡೀ ಮನೆಯ ಜಾಗ ಸಿಗುತ್ತಿತ್ತು. ದಿನಾ ರೈಲಿನಲ್ಲಿ ಬೆಂಗಳೂರಿಗೆ ಕೆಲಸಕ್ಕೆ ಹೋಗಿಬರುವ ನನಗೆ ಸ್ವರ್ಗಕ್ಕೆ ಮೂರೇ ಗೇಣು. ಅಮ್ಮ ಮಾತ್ರ ಬ್ರೋಕರನ್ನು, "ಪಕ್ಕದ್ದು ಯಾರ್ಗೂ ಆಗಿಲ್ವಾ?" ಎಂದು ಕೇಳಿದಳು.

ಕಾರಣ ನನಗೆ ಗೊತ್ತಿತ್ತು. ನಾವಿದ್ದದ್ದು ಕೆಜಿಎಫ್‌ನಲ್ಲಿ, ನಂದಿದುರ್ಗ ಗಣಿಯ ಕಾರ್ಮಿಕರ ಸಾಲಿನ ಲೈನ್ ಮನೆಯಲ್ಲಿ, ಎರಡು ಮನೆಗೆ ಒಂದೇ ಗೋಡೆ. ಪಕ್ಕದ ಮನೆಯ ಅತ್ತೆಗೂ ನಮಗೂ ರಕ್ತಸಂಬಂಧವೇನಿಲ್ಲ, ಇದ್ದದ್ದು ಗೋಡೆಯ ಸಂಬಂಧ. ಬೆಳಿಗ್ಗೆ ಕಾಫಿ ಆದ ಕೂಡಲೇ ಅಮ್ಮ ಲಟ್ಟಣಿಗೆಯಿಂದ ಗೋಡೆಗೆ ಎರಡೇಟು ಹಾಕುವಳು. ಆ ಕಡೆಯಿಂದಲೂ ಎರಡೇಟು ಬೀಳುವುದು, ಹಿಂದೆಯೇ ಲೋಟ ಹಿಡಿದು ಅತ್ತೆ ಬರುವರು. ಅಪ್ಪ ತೀರಿಕೊಂಡ ಮೇಲೆ ಅಮ್ಮ ಒಲೆ ಹಚ್ಚುವುದನ್ನೇ ಬಿಟ್ಟಿದ್ದಾಗ, ಗೋಡೆ ತಟ್ಟಿ ತಟ್ಟಿ ಅವಳನ್ನು ಎಬ್ಬಿಸಿದ್ದು ಅತ್ತೆಯೇ. ಅವರನ್ನು ಬಿಟ್ಟು ಅಮ್ಮ ಎಲ್ಲಿಗೂ ಬರುವವಳಲ್ಲ.

ಅತ್ತೆ ಮನೆಯವರೂ ಪಕ್ಕದ ಸೈಟು ಕೊಳ್ಳಲು ಒಪ್ಪಿದರು. ಆದರೆ ಮೊದಲು ಊರಿನಲ್ಲಿದ್ದ ಅವರ ಜಮೀನು ಮಾರಾಟವಾಗಬೇಕಿತ್ತು. ಅಲ್ಲಿಯವರೆಗೆ ಆ ಸೈಟು ಕಾಯುವ ಕೆಲಸವನ್ನು ಅಮ್ಮ ತಾನೇ ವಹಿಸಿಕೊಂಡಳು. ಗಿರಾಕಿಗಳು ಬರುವ ಭಾನುವಾರಗಳಲ್ಲಿ ಬುತ್ತಿ ಕಟ್ಟಿಕೊಂಡು ಹೋಗಿ, ನಾವು ಕೊಂಡ ಸೈಟಿನ ಕಲ್ಲಿನ ಮೇಲೆ ಕೂತು, ಪಕ್ಕದ್ದನ್ನು ನೋಡಲು ಬಂದವರ ಕಿವಿಯಲ್ಲಿ ಉಸುರುವಳು:

"ನಾನು ಏಳ್ದೆ ಅಂತ ಏಳ್ಬೇಡಪ್ಪಾ. ಅಲ್ಲೊಂದು ಪಾಳು ಬಾವಿ ಇತ್ತು. ಮೇಲೆ ಮಣ್ಣು ಎಳ್ದವ್ರೆ. ಒಳಗೆಲ್ಲಾ ಪೊಳ್ಳು."

ಹೀಗೆಲ್ಲ ಸುಳ್ಳು ಹೇಳಬಾರದೆಂದು ನಾನು ಗದರಿದರೆ, "ಬಾವಿ ಇದ್ದಿದ್ರೆ ಅಲ್ಲೇ ಇರ್ತಿತ್ತು ಕಣೇ" ಎನ್ನುವಳು. ಬಂದವರೆಲ್ಲ ಬಂದ ದಾರಿಗೆ ಸುಂಕವಿಲ್ಲವೆಂದು ಹಿಂದಿರುಗಿದರು.

ಕೊನೆಗೆ ಅತ್ತೆಯ ಜಮೀನು ಮಾರಾಟವಾಯಿತು. ಅಮ್ಮ ಪಾಯಸ ಮಾಡಿದಳು. ಅತ್ತೆ ಸಪ್ಪೆ ಮುಖ ಹೊತ್ತು ಬಂದರು.

"ಆ ಸೈಟು ಬೇಡ ಅಂತಾವ್ರೆ ಅಕ್ಕಾ, ನಮ್ಮೋರು."

ಬಾವಿಯ ಸುದ್ದಿ ರೈಲು ಹತ್ತಿ ಕೆಜಿಎಫ್ ತಲುಪಿ, ಅತ್ತೆಯ ಗಂಡನ ಕಿವಿಗೆ ಬಿದ್ದಿತ್ತು. ಆ ಮಾವ ಗಣಿಯಲ್ಲಿ ದುಡಿದವರು. "ಅರ್ಧ ಆಯಸ್ಸು ನೆಲದೊಳಗೆ ಕಳ್ದು ಜೀವಂತ ಮೇಲೆ ಬಂದಿವ್ನಿ. ಈಗ ಮನೆ ಸಮೇತ ತಿರ್ಗಾ ಒಳಕ್ಕೋಗ್ಲಾ?" ಎಂದರಂತೆ.

ತಾನು ತೋಡಿದ ಬಾವಿಗೆ ಅಮ್ಮ ತಾನೇ ಬಿದ್ದಿದ್ದಳು. ನನಗೆ ನಗು ತಡೆಯಲಾಗಲಿಲ್ಲ. ಆದರೆ ಅವಳು ಪಾಯಸ ಮುಟ್ಟದೆ ಗೋಡೆ ನೋಡುತ್ತಾ ಕೂತಿದ್ದಳು.

ಮಾರನೆಯ ದಿನ ಮಾವನನ್ನು ಸೈಟಿಗೇ ಎಳೆದುಕೊಂಡು ಹೋದಳು. "ಆ ಬಾವಿ ನಾನೇ ಉಟ್ಸಿದ್ದು ಅಣ್ಣಾ" ಎಂದು ಒಪ್ಪಿಕೊಂಡಳು.

"ಆಗ ಸುಳ್ಳು ಏಳ್ದೋಳು ಈಗ ನಿಜ ಏಳ್ತೀಯ ಅಂತ ಎಂಗಮ್ಮಾ ನಂಬೋದು?"

ಅಮ್ಮ ಸೆರಗು ಸಿಕ್ಕಿಸಿ, ಸೈಟಿನ ನಟ್ಟನಡುವೆ ನಿಂತು ಧಪಧಪ ಕುಣಿದಳು. ಬ್ರೋಕರ್ ಬಾಯಿ ಬಿಟ್ಟುಕೊಂಡು ನೋಡಿದ. ಮಾವ ಮಾತ್ರ ಗಣಿಯಲ್ಲಿ ಬಂಡೆ ತಟ್ಟಿ ಸದ್ದು ಕೇಳುತ್ತಿದ್ದ ಹಾಗೆ, ಹಾರೆಯಿಂದ ನೆಲ ಕುಟ್ಟುತ್ತಾ ಮೂಲೆಯಿಂದ ಮೂಲೆಗೆ ನಡೆದರು.

"ನೆಲ ಗಟ್ಟಿ ಐತೆ. ಪೊಳ್ಳಿರೋದು ನಿನ್ ಮಾತಲ್ಲೇ."

ಬಾವಿಯ ಪುಕಾರಿನಿಂದ ಸೈಟಿನ ಬೆಲೆಯೂ ಇಳಿದಿತ್ತು. ಅದು ತಾನು ಕೊಡಿಸಿದ ಲಾಭವೆಂದು ಅಮ್ಮ ಇವತ್ತಿಗೂ ಹೇಳಿಕೊಳ್ಳುತ್ತಾಳೆ.

ಎರಡು ಮನೆಗಳೂ ಎದ್ದವು. ಆದರೆ ನಡುವೆ ಜಾಗ ಬಿಡಲೇಬೇಕೆಂದು ಮೇಸ್ತ್ರಿ ಹಠ ಹಿಡಿದ, ಅಮ್ಮನ ಜಗಳ ನಡೆಯಲಿಲ್ಲ. ಅತ್ತೆಯವರು ಒಕ್ಕಲು ಬಂದ ಮಾರನೆಯ ಬೆಳಿಗ್ಗೆ, ಅಮ್ಮ ಕಾಫಿ ಇಳಿಸಿ ಗೋಡೆಗೆ ಎರಡೇಟು ಹಾಕಿದಳು. ಆ ಕಡೆಯಿಂದ ಏನೂ ಬರಲಿಲ್ಲ. ಇನ್ನೆರಡು ಹಾಕಿದಳು. ಹೊಸ ಸುಣ್ಣ ಚೂರು ಉದುರಿತು. ಲಟ್ಟಣಿಗೆ ಹಿಡಿದು ಹಾಗೇ ನಿಂತಳು. ನಾನು ಚಪ್ಪಲಿ ಹುಡುಕುವವಳಂತೆ ಬಗ್ಗಿದೆ.

ತಲೆ ಎತ್ತಿದರೆ ಬಾಗಿಲಲ್ಲಿ ಅತ್ತೆ, ಕೈಯಲ್ಲಿ ಲೋಟ.

"ಕೇಳಿಸ್ತಾ?" ಎಂದಳು ಅಮ್ಮ.

"ಇಲ್ಲ ಅಕ್ಕಾ. ತಟ್ಟಿರ್ತೀಯ ಅಂತ ಬಂದೆ."