ಕಿವಿಯಲ್ಲಿ ಹತ್ತಿ, ಬಾಯಲ್ಲಿ ಬೇಸ್

ಎರಡು ವಾರದ ಹಿಂದೆ, ಒಂದು ಮಂಗಳವಾರ ಬೆಳಿಗ್ಗೆ, ಸುಳ್ಯದಲ್ಲಿ ಒಬ್ಬ ಹೆಂಗಸು ನನಗೆ ಒಂದು ಹಾಡು ಹಾಡಲು ಹೇಳಿದರು. ಹದಿನಾಲ್ಕು ವರ್ಷಗಳಿಂದ ಪ್ರತಿ ಶನಿವಾರ ನಾನು ಹಾಡುತ್ತಿರುವ ಹಾಡು. ನನಗೆ ಬರಲಿಲ್ಲ.

ಗಂಟಲು ಕೆಟ್ಟಿರಲಿಲ್ಲ. ಮರೆತೂ ಹೋಗಿರಲಿಲ್ಲ. ಬರಲಿಲ್ಲ, ಅಷ್ಟೆ. ಅದು ಹೇಗೆ ಎಂದು ಹೇಳಬೇಕಾದರೆ ನಮ್ಮ ಕೊಯರಿನ, ಅಂದರೆ ಹಾಡುವ ತಂಡದ, ಕತೆ ಹೇಳಬೇಕು. (ಈ ಅಂಕಣದಲ್ಲಿ ಈವರೆಗೆ ಅದರ ಸುದ್ದಿ ಎತ್ತಿಲ್ಲ. ಸಂಪಾದಕರು ಒಮ್ಮೆ ನಮ್ಮ ಹಾಡು ಕೇಳಿದ್ದಾರೆ. ಆಮೇಲೆ ನಾನೂ ಒತ್ತಾಯ ಮಾಡಲಿಲ್ಲ.)

ಪುತ್ತೂರಿನ ನಮ್ಮ ಚರ್ಚಿನ ಕೊಯರ್ ಶುರುವಾದಾಗ ನಾವೆಲ್ಲ ಮದ್ರಾಸು ರಾಜ್ಯದ ಪ್ರಜೆಗಳು. ಈಗ ಮೈಸೂರು ರಾಜ್ಯದವರು. ಸೇರು ಹೋಗಿ ಕಿಲೋ ಬಂತು, ಮೈಲು ಹೋಗಿ ಕಿಲೋಮೀಟರ್ ಬಂತು. ನಮ್ಮ ಟೆನರ್ ಎಂಬ ಗಂಡಸರ ಗುಂಪು ಮಾತ್ರ ಅಂದಿನಿಂದ ಇಂದಿನವರೆಗೆ ಇರಬೇಕಾದ ಸ್ವರಕ್ಕಿಂತ ಒಂದು ಕೂದಲೆಳೆಯಷ್ಟು ಮೇಲೆಯೇ ಇದೆ.

ಕಟ್ಟಿದವರು ಸೈಮನ್ ಮಾಸ್ಟ್ರು. ಶಾಲೆಯಲ್ಲಿ ಅವರು ಹೇಳಿಕೊಡುವುದು ಗಣಿತ. ಕೊಯರಿನಲ್ಲೂ ಅದನ್ನೇ ಹೇಳಿಕೊಡುತ್ತಾರೆ. ಸೇರಿದವರಲ್ಲಿ ಒಬ್ಬರೂ ಸಂಗೀತ ಕಲಿತವರಲ್ಲ. ಒಬ್ಬ ಪೋಸ್ಟ್‌ಮ್ಯಾನ್, ಹಂಚಿನ ಡಿಪೋದಲ್ಲಿ ಲೆಕ್ಕ ಬರೆಯುವ ಒಬ್ಬ ರೈಟರ್, ಕಡಬದಿಂದ ಬರುವ ಅಕ್ಕತಂಗಿಯರು, ಇಬ್ಬರು ಟೀಚರ್, ಮತ್ತೆ ಕೊಯಿಲದ ದನದ ಫಾರ್ಮಿನಲ್ಲಿ ಕಂಪೌಂಡರ್ ಆಗಿರುವ ನಾನು.

ಗೊತ್ತಿಲ್ಲದವರಿಗೆ ಒಂದು ಮಾತು. ನಮ್ಮದು ಎಲ್ಲರೂ ಒಂದೇ ರಾಗ ಎತ್ತುವ ಭಜನೆಯ ಹಾಗಲ್ಲ. ಒಂದೇ ಹಾಡನ್ನು ನಾಲ್ಕು ಗುಂಪು ನಾಲ್ಕು ದಾರಿಯಲ್ಲಿ ಹಾಡುತ್ತದೆ. ಎಲ್ಲಕ್ಕಿಂತ ಮೇಲೆ ಸೊಪ್ರಾನೊ, ಹೆಂಗಸರದು. ಹಾಡಿನ ರಾಗ ಇರುವುದು ಅವರ ಹತ್ತಿರ. ಅವರ ಮುಂದಾಳು ಲಿಲ್ಲಿ ಬಾಯಿ, ಅಂದರೆ ಮಾಸ್ಟ್ರ ಹೆಂಡತಿ. ಅದರ ಕೆಳಗೆ ಆಲ್ಟೊ, ಅದೂ ಹೆಂಗಸರದೇ. ಮತ್ತೆ ಗಂಡಸರ ಟೆನರ್. ಎಲ್ಲಕ್ಕೂ ಅಡಿಯಲ್ಲಿ ಬೇಸ್. ಅದು ನಾನು ಮತ್ತು ಪೋಸ್ಟ್‌ಮ್ಯಾನ್.

"ಬೇಸ್ ಅಂದ್ರೆ ಮನೆಯ ಅಡಿಪಾಯದ ಪಂಚಾಂಗ ಇದ್ದ ಹಾಗೆ," ಎಂದು ಮಾಸ್ಟ್ರು ನಮಗೆ ಧೈರ್ಯ ಹೇಳುತ್ತಾರೆ. ಇರಬಹುದು. ಆದರೆ ಗೃಹಪ್ರವೇಶಕ್ಕೆ ಹೋದವರು ಯಾರಾದರೂ ಪಂಚಾಂಗ ಚೆನ್ನಾಗಿದೆ ಎಂದು ಹೇಳಿ ಬಂದದ್ದುಂಟೆ?

ಮಾಸ್ಟ್ರದ್ದು ಒಂದು ಪದ್ಧತಿ. ಯಾರಿಗೂ ಇಡೀ ಹಾಡು ಕೊಡುವುದಿಲ್ಲ. ಅವರವರ ಸ್ವರವನ್ನು ಮಾತ್ರ ಬೇರೆ ಬೇರೆ ಹಾಳೆಯಲ್ಲಿ ಬರೆದು ಕೊಡುತ್ತಾರೆ. ಪಕ್ಕದವರ ಸ್ವರ ಕಿವಿಗೆ ಬಿದ್ದರೆ ನಮ್ಮದು ತಪ್ಪುತ್ತದೆ ಎಂದು ಮೊದಲ ವರ್ಷವೇ ಕಿವಿಗೆ ಬೆರಳು ಇಟ್ಟುಕೊಳ್ಳಲು ಹೇಳಿದರು. ಚರ್ಚಿನಲ್ಲಿ ಬೆರಳು ಇಟ್ಟುಕೊಂಡು ನಿಲ್ಲುವುದು ಚೆನ್ನಾಗಿ ಕಾಣುವುದಿಲ್ಲ ಎಂದು ಎರಡನೆಯ ವರ್ಷದಿಂದ ಹತ್ತಿ ಬಂತು. (ಹತ್ತಿ ಒದಗಿಸುವ ಜವಾಬ್ದಾರಿ ನನ್ನದು. ದನಗಳದ್ದೇ ಹತ್ತಿ, ಒಳ್ಳೆಯದು.) ನನ್ನ ಎಡಗಡೆ ಟೆನರ್, ಬಲಗಡೆ ಪೋಸ್ಟ್‌ಮ್ಯಾನ್. ಎಡಗಿವಿಗೆ ಹತ್ತಿ.

ಸಾಧನೆ ಕೇಳುತ್ತೀರಾ? ಒಂದು ಕ್ರಿಸ್‌ಮಸ್ ತಪ್ಪಿಸಿಲ್ಲ. ಮಂಗಳೂರಿನ ಸ್ಪರ್ಧೆಗೆ ಹೋದಾಗ ನಮ್ಮ ಶಿಸ್ತನ್ನು ತೀರ್ಪುಗಾರರು ಬಹಳ ಹೊಗಳಿದರು. ಹಾಡಿನ ಬಗ್ಗೆ ಏನೂ ಹೇಳಲಿಲ್ಲ. ಸಂಪಾಜೆಯ ಒಂದು ಮದುವೆಗೆ ಗಂಡಸರು ಒಂದು ಬಸ್ಸಿನಲ್ಲಿ, ಹೆಂಗಸರು ಇನ್ನೊಂದರಲ್ಲಿ ಹೊರಟೆವು. ಹೆಂಗಸರ ಬಸ್ಸಿನ ಟಯರ್ ದಾರಿಯಲ್ಲಿ ಕೈಕೊಟ್ಟಿತು. ಮುಹೂರ್ತ ಮೀರುತ್ತದೆ ಎಂದು ಹಾಡಿನ ಕೆಳಗಿನ ಅರ್ಧವನ್ನು ಮಾತ್ರ ಹಾಡಿ ಮದುವೆ ಮುಗಿಸಿದೆವು. ಆ ಗಂಡಹೆಂಡಿರು ಈಗಲೂ ಸುಖವಾಗಿದ್ದಾರೆ. ಆದರೆ ನಮಗೆ ಆವತ್ತೇ ಒಂದು ಸಂಶಯ ಬರಬೇಕಿತ್ತು.

ನಮ್ಮ ಹೆಮ್ಮೆ ಎಂದರೆ 'ಸಂಜೆಯ ಗೀತೆ'. ಮಾಸ್ಟ್ರು ತಾವೇ ಕಟ್ಟಿದ್ದು. ಯಾವ ಪುಸ್ತಕದಲ್ಲೂ ಇಲ್ಲ, ನಮ್ಮನ್ನು ಬಿಟ್ಟರೆ ಹಾಡುವವರೂ ಇಲ್ಲ. ಅದರ ಮೂರನೆಯ ಸಾಲಿನಲ್ಲಿ ಬೇಸ್‌ನವರಿಗೆ ಒಂದೇ ಸ್ವರ, ಹನ್ನೊಂದು ಸಲ. ಪ್ರತಿ ಶನಿವಾರ ಆ ಜಾಗ ಬಂದಾಗ ಮಾಸ್ಟ್ರು ಬೊಬ್ಬೆ ಹಾಕುತ್ತಾರೆ: "ಬೇಸ್, ನಿಧಾನ!" ನಾವು ಓಡುತ್ತೇವಂತೆ. ಹದಿನಾಲ್ಕು ವರ್ಷಗಳಿಂದ ಓಡುತ್ತಿದ್ದೇವಂತೆ.

ಈಗ ಮಂಗಳವಾರಕ್ಕೆ ಬರೋಣ.

ಮಾರ್ಥಕ್ಕ ನಮ್ಮ ಆಲ್ಟೊ. ಸುಳ್ಯದಲ್ಲಿ ಹೆರಿಗೆ ನರ್ಸ್. ಅವರ ಜತೆ ಇನ್ನಿಬ್ಬರು ಆಲ್ಟೊ ಇದ್ದಾರೆ, ಆದರೆ ಮಾರ್ಥಕ್ಕ ಬಾಯಿ ತೆರೆದರೆ ಮಾತ್ರ ಅವರೂ ತೆರೆಯುತ್ತಾರೆ. ಕಳೆದ ಮಳೆಗಾಲದಿಂದ ಮಾರ್ಥಕ್ಕನ ಕುತ್ತಿಗೆಯಲ್ಲಿ ಒಂದು ಗಡ್ಡೆ. ಆಪರೇಶನ್ ಆಗಲೇಬೇಕು, ಆದರೆ ಸ್ವರ ಉಳಿಯುತ್ತದೆಯೋ ಇಲ್ಲವೋ ಹೇಳಲಾಗುವುದಿಲ್ಲ ಎಂದರು ಮಂಗಳೂರಿನ ಡಾಕ್ಟ್ರು. ಮಂಗಳವಾರ ಹೊರಡುವುದು, ಬುಧವಾರ ಆಪರೇಶನ್.

ನನಗೆ ಆವತ್ತು ಮಂಡೆಕೋಲಿನಲ್ಲಿ ದನಗಳಿಗೆ ಚುಚ್ಚುಮದ್ದು ಇತ್ತು. ದಾರಿಯಲ್ಲಿ ಸುಳ್ಯದಲ್ಲಿ ಇಳಿದು, ಮದ್ದಿನ ಪೆಟ್ಟಿಗೆ ಹಿಡಿದುಕೊಂಡೇ ಅವರ ಮನೆಗೆ ಹೋದೆ. ಮಾರ್ಥಕ್ಕ ಬ್ಯಾಗು ಕಟ್ಟಿ, ಚಪ್ಪಲಿ ಹಾಕಿ ಕೂತಿದ್ದರು.

"ದಾಸಾ, ಕೂತ್ಕೊ. ಒಂದು ಕೆಲಸ ಉಂಟು."

"ಎಂತ ಮಾರ್ಥಕ್ಕ?"

"ಸಂಜೆ ಗೀತೆ ಒಮ್ಮೆ ಹಾಡು. ನಾನು ಅದನ್ನು ಕೇಳ್ಲೇ ಇಲ್ಲ."

"ಹದಿನಾಲ್ಕು ವರ್ಷ ಹಾಡಿದ್ದೀರಲ್ಲ?"

"ಹಾಡಿದ್ದು. ಕೇಳಿದ್ದಲ್ಲ," ಎಂದರು. "ನಾಳೆ ಸ್ವರ ಹೋದ್ರೆ ನಾನು ಮತ್ತೆ ಎದುರಿನ ಬೆಂಚಲ್ಲಿ ಕೂತು ಕೇಳುವವಳು. ಎಂತ ಕೇಳ್ಲಿಕ್ಕೆ ಉಂಟು ಅಂತ ಮೊದಲೇ ಗೊತ್ತಿರ್ಬೇಕಲ್ಲ?"

ಬಿಸಿನೀರು ತನ್ನಿ ಎಂದು ಹೇಳುವ ಅದೇ ದನಿಯಲ್ಲಿ ಹೇಳಿದರು. ನಾನು ಮದ್ದಿನ ಪೆಟ್ಟಿಗೆ ಕೆಳಗಿಟ್ಟೆ. ಗಂಟಲು ಸರಿಮಾಡಿಕೊಂಡು ಹಾಡಿದೆ.

ನಾನು ಹಾಡಿದ್ದು ಬೇಸ್. ನನಗೆ ಗೊತ್ತಿರುವುದು ಅದೇ. ಯಾರೋ ದಪ್ಪ ಮರವನ್ನು ಗರಗಸದಲ್ಲಿ ಕೊಯ್ಯುವ ಹಾಗೆ ಕೇಳಿತು.

"ಇದು ಯಾವ ಹಾಡು?" ಎಂದು ಕೇಳಿದರು ಮಾರ್ಥಕ್ಕ.

"ಸಂಜೆ ಗೀತೆ."

"ರಾಗ ಎಲ್ಲಿ?"

ಯೋಚಿಸಿದೆ. ರಾಗ ಸೊಪ್ರಾನೊದವರ ಹತ್ತಿರ ಉಂಟು. ಅವರು ಪುತ್ತೂರಿನಲ್ಲಿ, ಕಡಬದಲ್ಲಿ. ಮಂಗಳವಾರ ಬೆಳಿಗ್ಗೆ ಹತ್ತು ಗಂಟೆಗೆ ಎಲ್ಲಿಂದ ತರುವುದು? ಮಾರ್ಥಕ್ಕ ತಮ್ಮ ಆಲ್ಟೊ ಹಾಡಿ ನೋಡಿದರು. ನಾನು ಬೇಸ್ ಸೇರಿಸಿದೆ. ಎರಡೂ ಸರಿಯಾಗಿತ್ತು, ಒಂದು ಸ್ವರ ತಪ್ಪಲಿಲ್ಲ. ಹಾಡು ಮಾತ್ರ ಇರಲಿಲ್ಲ. ಇಬ್ಬರದೂ ಸೇರಿ ಇಪ್ಪತ್ತೆಂಟು ವರ್ಷದ ಅನುಭವ!

ಅಷ್ಟರಲ್ಲಿ ಹಸನಬ್ಬ ಬಂದರು. ಹಸನಬ್ಬರದ್ದು ಸುಳ್ಯದಲ್ಲಿ ಒಣಮೀನಿನ ವ್ಯಾಪಾರ, ಒಂದು ವ್ಯಾನು. ಶನಿವಾರ ಪುತ್ತೂರಿನಿಂದ ಹಿಂದೆ ಬರುವಾಗ ಮಾರ್ಥಕ್ಕನನ್ನೂ ಸುಳ್ಯದ ಮತ್ತೊಬ್ಬರನ್ನೂ ಕರೆತರುವುದು ಅವರೇ, ಏಕೆಂದರೆ ನಮ್ಮ ಪ್ರಾಕ್ಟೀಸ್ ಮುಗಿಯುವ ಹೊತ್ತಿಗೆ ಬಸ್ಸು ಹೋಗಿರುತ್ತದೆ. ಅವರ ನಾಲ್ಕು ಮಕ್ಕಳ ಹೆರಿಗೆ ಮಾಡಿಸಿದ್ದು ಮಾರ್ಥಕ್ಕ. ಮಂಗಳೂರಿಗೆ ನಾನೇ ಕರೆದುಕೊಂಡು ಹೋಗುತ್ತೇನೆ ಎಂದು ಹಟ ಹಿಡಿದು ಬಂದಿದ್ದರು.

ಬಾಗಿಲಲ್ಲಿ ನಿಂತು ನಮ್ಮನ್ನು ಸ್ವಲ್ಪ ಹೊತ್ತು ಕೇಳಿದರು. "ಎಂತ ಕಂಪೌಂಡ್ರೆ ಇದು?"

"ಸಂಜೆ ಗೀತೆ."

"ಅಲ್ಲ ಮಾರಾಯ್ರೆ. ಅದು ಹೀಗಲ್ಲ." ಟೊಪ್ಪಿ ಸರಿಮಾಡಿಕೊಂಡು ಹಾಡಿಯೇಬಿಟ್ಟರು.

ಅರ್ಧ ಮಾತು, ಅರ್ಧ ಗುನುಗು. ಆದರೆ ರಾಗ ಪೂರ್ತಿ ಇತ್ತು, ಮೊದಲ ಸಾಲಿನಿಂದಲೇ. ಹದಿನಾಲ್ಕು ವರ್ಷ ಶನಿವಾರ ಶನಿವಾರ ಕಿಟಕಿಯ ಹೊರಗೆ ವ್ಯಾನಿನಲ್ಲಿ ಕಾದು ಕೂತವರು. ಎರಡೂ ಕಿವಿ ತೆರೆದು ಕೂತವರು. ಮೂರನೆಯ ಸಾಲು ಬಂತು. ಅಲ್ಲೊಂದು ಕಡೆ ಉದ್ದಕ್ಕೆ ಎಳೆದರು. ಎಳೆದು, ಗಟ್ಟಿಯಾಗಿ "ಬೇಸ್, ನಿಧಾನ!" ಎಂದು ಹಾಡಿ ಮುಂದಕ್ಕೆ ಹೋದರು.

ಮಾರ್ಥಕ್ಕ ಕೈ ಎತ್ತಿದರು. "ಅಲ್ಲಿ ಎಂತಕ್ಕೆ ಎಳೆದದ್ದು?"

"ಎಳೆಯುದು ನಾನಲ್ಲ ನರ್ಸಮ್ಮ. ಆ ಮೇಲಿನ ಸ್ವರದ ಅಮ್ಮ ಉಂಟಲ್ಲ, ಅವರು ಅಲ್ಲಿ ಎಳೀತಾರೆ. ಮತ್ತೆ ಮಾಸ್ಟ್ರು ಬೊಬ್ಬೆ."

"ಬೊಬ್ಬೆ ಹಾಡಲ್ಲಿ ಇಲ್ಲ ಹಸನಬ್ಬ."

"ಇಲ್ವಾ?" ಹಸನಬ್ಬರಿಗೆ ನಿಜಕ್ಕೂ ಆಶ್ಚರ್ಯವಾಯಿತು. "ನಾನು ಅದೂ ಹಾಡಲ್ಲೇ ಇರುದು ಅಂತ ಮಾಡಿದ್ದೆ."

ಮಾರ್ಥಕ್ಕ ಅವರಿಂದ ಇನ್ನೊಮ್ಮೆ ಹಾಡಿಸಿದರು, ಬೊಬ್ಬೆ ಬಿಟ್ಟು. ನಾನು ಅಡಿಯಲ್ಲಿ ಬೇಸ್ ಹಿಡಿದೆ. ಮಾರ್ಥಕ್ಕ ಹಾಡಲಿಲ್ಲ. ಬಾಯಿ ಮುಚ್ಚಿ, ಕಣ್ಣು ಮುಚ್ಚಿ, ಒಂದು ಕೈ ಕುತ್ತಿಗೆಯ ಮೇಲೆ ಇಟ್ಟುಕೊಂಡು ಕೇಳಿದರು. ಮುಗಿದಾಗ ಅವರ ಕಣ್ಣು ಒದ್ದೆ. ನನ್ನದೂ. (ಹಸನಬ್ಬ ವಾಚು ನೋಡಿದರು.)

"ಚೆಂದ ಉಂಟಲ್ಲ ಮಾರಾಯ ಈ ಹಾಡು," ಎಂದರು ಮಾರ್ಥಕ್ಕ. "ಯಾರೂ ನಂಗೆ ಹೇಳ್ಲೇ ಇಲ್ಲ."

ವ್ಯಾನು ಹೋಯಿತು. ನಾನು ಮಂಡೆಕೋಲಿಗೆ ಹೋಗಿ ಮೂವತ್ತು ದನಗಳಿಗೆ ಚುಚ್ಚಿದೆ. ಆ ಇಡೀ ದಿನ ಒಂದೇ ಯೋಚನೆ. ನಾವು ಎಷ್ಟು ಕೆಲಸವನ್ನು ಹೀಗೆಯೇ ಮಾಡಿದ್ದೇವೆ? ಇಪ್ಪತ್ತು ವರ್ಷ ಮನೆಮಂದಿಗೆಲ್ಲ ಬಡಿಸಿದ ನನ್ನ ಹೆಂಡತಿ ಅದೇ ಸಾರನ್ನು ಬಿಸಿಯಾಗಿ ಉಂಡದ್ದು ಯಾವಾಗ? ಊರಿಗೆಲ್ಲ ಕಾಗದ ಹಂಚುವ ನಮ್ಮ ಪೋಸ್ಟ್‌ಮ್ಯಾನ್‌ಗೆ ಯಾರಾದರೂ ಕಾಗದ ಬರೆದಿದ್ದಾರೆಯೇ? ಮನೆಗೆ ಬಂದು ಹೆಂಡತಿಯ ಹತ್ತಿರ ಸಾರಿನ ವಿಷಯ ಕೇಳಿದೆ. "ಇವತ್ತು ನಿಮಗೆ ಎಂತ ಆಗಿದೆ?" ಎಂದಳು.

ಆ ಶನಿವಾರ ಮಾರ್ಥಕ್ಕನ ಸುದ್ದಿ ಏನೂ ಬಂದಿರಲಿಲ್ಲ. ನಾನು ಹತ್ತಿ ಕಿಸೆಯಲ್ಲಿಟ್ಟುಕೊಂಡು ಹಾಡಲು ನಿಂತೆ. ಆಲ್ಟೊದ ಇಬ್ಬರೂ ಬಾಯಿ ತೆರೆಯಲಿಲ್ಲ. ನಮ್ಮ ಕೊಯರಿನ ಬಾಯಲ್ಲಿ ಎಂದೂ ಕೇಳದ ಹಾಡನ್ನು ಆವತ್ತು ಕೇಳಿದೆ, ನಡುವೆ ಒಂದು ತೂತು ಸಮೇತ. ಕೇಳುತ್ತ ನನ್ನ ಸ್ವರ ಎಲ್ಲಿಗೋ ಹೋಯಿತು. ಮಾಸ್ಟ್ರು ಬೈದರು. ಬೈದದ್ದು ಸರಿಯಾಗಿಯೇ ಇತ್ತು.

ಮೊನ್ನೆ, ಎರಡನೆಯ ಶನಿವಾರ, ಹಸನಬ್ಬ ಮಂಗಳೂರಿನಿಂದ ಒಂದು ಚೀಟಿ ತಂದುಕೊಟ್ಟರು. ಮಾರ್ಥಕ್ಕ ಬರೆದದ್ದು. ಮಾಸ್ಟ್ರು ಕನ್ನಡಕ ಹಾಕಿ ಗಟ್ಟಿಯಾಗಿ ಓದಿದರು.

"ಆಪರೇಶನ್ ಆಯಿತು. ಮಾತಾಡಬಾರದು ಅಂದಿದ್ದಾರೆ. ನಿನ್ನೆ ಡ್ಯೂಟಿ ನರ್ಸ್ ಊಟಕ್ಕೆ ಹೋದಾಗ ಮೂರನೇ ಸಾಲು ಮೆಲ್ಲ ಹಾಡಿ ನೋಡಿದೆ. ಬಂತು."

ಪೋಸ್ಟ್‌ಮ್ಯಾನ್ ನನ್ನ ಕೈ ಹಿಡಿದುಕೊಂಡ. ಲಿಲ್ಲಿ ಬಾಯಿ ಸೆರಗಿನಿಂದ ಕಣ್ಣೊರೆಸಿಕೊಂಡರು. ಮಾಸ್ಟ್ರೂ ಒಮ್ಮೆ ಕನ್ನಡಕ ತೆಗೆದು ಹಾಕಿಕೊಂಡರು, ಆದರೆ ಅರ್ಧಕ್ಕೆ ಬಿಡುವ ಅಭ್ಯಾಸ ಅವರಿಗಿಲ್ಲ. ಮುಂದಕ್ಕೆ ಓದಿದರು.

"ಇನ್ನೊಂದು ವಿಷಯ. ಆ ಸಾಲಿನಲ್ಲಿ ಬೇಸ್ ಓಡುವುದಲ್ಲ. ಸೊಪ್ರಾನೊ ಎಳೆಯುವುದು."

ಲಿಲ್ಲಿ ಬಾಯಿ ಕಣ್ಣೊರೆಸುವುದನ್ನು ನಿಲ್ಲಿಸಿದರು. ಮಾಸ್ಟ್ರು ಚೀಟಿಯನ್ನು ನಾಲ್ಕು ಮಡಿಕೆ ಮಾಡಿ ಕಿಸೆಗೆ ಹಾಕಿದರು. ಹೆಂಡತಿಯ ಮುಖ ನೋಡಿದರು. ಕಿಟಕಿಯ ಹೊರಗೆ ನಿಂತಿದ್ದ ಹಸನಬ್ಬರನ್ನು ನೋಡಿದರು. ನನ್ನನ್ನು ನೋಡಿದರು. ಟ್ಯೂನಿಂಗ್ ಫೋರ್ಕನ್ನು ಮೊಣಕಾಲಿಗೆ ಬಡಿದು ಸ್ವರ ಕೊಟ್ಟರು.

ಹಾಡಿದೆವು. ಈ ಸಲ ಆಲ್ಟೊದ ಇಬ್ಬರೂ ಬಾಯಿ ತೆರೆದರು. ಮೂರನೆಯ ಸಾಲು ಬಂತು. ಮೇಲಿನ ಸ್ವರ ಎಂದಿನ ಜಾಗದಲ್ಲಿ ಎಂದಿನಷ್ಟೇ ಎಳೆಯಿತು.

"ಬೇಸ್, ನಿಧಾನ!" ಎಂದರು ಮಾಸ್ಟ್ರು.

ನಾನು ನಿಧಾನ ಮಾಡಿದೆ. ಲಿಲ್ಲಿ ಬಾಯಿಯ ಜತೆ ಮನೆಗೆ ಹೋಗಬೇಕಾದವರು ಅವರು, ಅಲ್ಲವೇ?