ಜೊತೆಯವಳ ಅಸೈನ್‌ಮೆಂಟ್

ರಜೆಗೆಂದು ಕುಂದಾಪುರಕ್ಕೆ ಬಂದು ನಾಲ್ಕು ದಿನವಾಗಿತ್ತು, ಮೆಲ್ಬರ್ನಿನ ಯೂನಿವರ್ಸಿಟಿಯಿಂದ ಈಮೇಲ್ ಬಂತು. ಆಡಿಟಿಂಗ್ ವಿಷಯದಲ್ಲಿ ನನ್ನ ಅಸೈನ್‌ಮೆಂಟೂ ನನ್ನ ರೂಮಿನಲ್ಲಿರುವ ನೇಪಾಳದ ಹುಡುಗಿಯ ಅಸೈನ್‌ಮೆಂಟೂ ಒಂದೇ ಥರ ಇವೆಯಂತೆ. ಮುಂದಿನ ಗುರುವಾರ ವಿಡಿಯೋ ಕಾಲ್‌ನಲ್ಲಿ ವಿಚಾರಣೆ. ಒಂದೇ ಥರ ಇರದೆ ಏನು, ಎರಡನ್ನೂ ಬರೆದವಳು ನಾನೇ. ಅವಳು ಜ್ವರದಲ್ಲಿ ಮಲಗಿದ್ದಳು. ನಾನು ವಾಕ್ಯಗಳನ್ನು ಹಿಂದೆ ಮುಂದೆ ಮಾಡಿ ಅವಳ ಹೆಸರಲ್ಲಿ ಕಳಿಸಿದ್ದೆ. ನಾನು ಮಾಡಿದ ತಪ್ಪೊಂದು ಮಾತ್ರ ಎರಡರಲ್ಲೂ ಒಂದೇ ಜಾಗದಲ್ಲಿ ಉಳಿದುಬಿಟ್ಟಿತ್ತು. ನನ್ನಂಥ ಬುದ್ಧಿವಂತೆ ಇಲ್ಲ ಅಂದುಕೊಂಡಿದ್ದೆ.

ತಪ್ಪಿತಸ್ಥೆ ಎಂದಾದರೆ ಕೋರ್ಸಿನಿಂದ ತೆಗೆಯಬಹುದು. ಕೋರ್ಸಿಲ್ಲದಿದ್ದರೆ ವೀಸಾ ಇಲ್ಲ. ಎರಡು ವರ್ಷ ಆ ಅಕೌಂಟಿಂಗ್ ಡಿಗ್ರಿಯ ಜೊತೆ ಗುದ್ದಾಡಿದ್ದೇನೆ. ಮೇಷ್ಟ್ರ ಇಂಗ್ಲಿಷ್ ಅರ್ಥವಾಗದೆ ಪಾಠದ ರೆಕಾರ್ಡಿಂಗನ್ನು ಮೂರು ಮೂರು ಸಲ ಕೇಳಿದ್ದೇನೆ, ಒಂದು ವಿಷಯದಲ್ಲಿ ಫೇಲಾಗಿ ಲೈಬ್ರರಿಯ ಮೆಟ್ಟಿಲ ಮೇಲೆ ಕೂತು ಅತ್ತಿದ್ದೇನೆ. ಆಗ ಪಕ್ಕದಲ್ಲಿ ಕೂತು ತನ್ನ ಡಬ್ಬಿಯ ಅನ್ನ ತಿನ್ನಿಸಿದವಳು ಅವಳೇ.

ಮನೆಯಲ್ಲಿ ಕೂರಲಾಗುತ್ತಿರಲಿಲ್ಲ. ಬಸ್ಸು ಹತ್ತಿ ಬೈಂದೂರಿಗೆ ಹೋದೆ, ಇಳಿದು ಒಂದು ಚಾ ಕುಡಿದು ವಾಪಸ್ಸು ಬಂದೆ. ಮರುದಿನ ಇನ್ನೊಂದು ಕಡೆ, ಸಾಸ್ತಾನದ ಟೋಲ್ ದಾಟಿ ಬ್ರಹ್ಮಾವರಕ್ಕೆ. ಅಲ್ಲೂ ಕೆಲಸವಿರಲಿಲ್ಲ. ಎರಡು ದಿನವೂ ಅದೇ ಕಂಡಕ್ಟರ್.

"ಹ್ವಾಯ್, ನೀವ್ ಎಲ್ಲಿಗ್ ಹೋಪುದ್ ಅಂದೇಳಿ ಮೊದ್ಲ್ ಗಟ್ಟಿ ಮಾಡ್ಕಣಿ" ಎಂದು ನಕ್ಕ.

ನನಗೆ ನಗು ಬರಲಿಲ್ಲ. ನಿಮಿಷಕ್ಕೊಮ್ಮೆ ಫೋನು ತೆಗೆದು ನೋಡುತ್ತಿದ್ದೆ. ರೂಮಿನವಳ ಮೆಸೇಜ್ ಇಲ್ಲ. ನಾನೂ ಮಾಡಲಿಲ್ಲ, ಅದನ್ನು ನೆನೆದರೆ ಇವತ್ತಿಗೂ ನಾಚಿಕೆಯಾಗುತ್ತದೆ.

ಮೂರನೇ ದಿನ ಮೀನು ಮಾರ್ಕೆಟ್ಟಿಗೆ ಹೋದೆ. ಅಮ್ಮ ಅಲ್ಲಿ ಮೀನು ಮಾರುತ್ತಾಳೆ. ಪಕ್ಕದಲ್ಲಿ ಕೂರುವಾಕೆ ಆಸ್ಪತ್ರೆಗೆ ಹೋಗಿದ್ದಳು. ಅಮ್ಮ ಎರಡು ಬುಟ್ಟಿಗಳ ನಡುವೆ ಕೂತು ಅವಳ ಬಂಗುಡೆಯನ್ನು ಮಾರುತ್ತಿದ್ದಳು. ಅಲ್ಲಿನ ಕ್ರಮವೇ ಹಾಗೆ, ಇಲ್ಲದವಳ ಬುಟ್ಟಿ ಮೊದಲು ಖಾಲಿಯಾಗಬೇಕು, ಆಮೇಲೆ ತನ್ನದು. ಅದನ್ನು ನೋಡುತ್ತಲೇ ಬೆಳೆದವಳು ನಾನು. ರೂಮಿನವಳ ಅಸೈನ್‌ಮೆಂಟ್ ಬರೆಯುವಾಗ ಎರಡನೇ ಯೋಚನೆ ಬಂದಿರಲೇ ಇಲ್ಲ. ಗಿರಾಕಿಗಳಿಲ್ಲದ ಹೊತ್ತು ನೋಡಿ ಎಲ್ಲ ಹೇಳಿದೆ.

"ಉಷಾರಿಲ್ದಿದ್ದವ್ಳಿಗೆ ಮಾಡಿ ಕೊಟ್ರೆ ತಪ್ಪ್ ಎಂತ?" ಅಮ್ಮ ಕೇಳಿದಳು.

"ಅಲ್ಲಿ ಕಾಲೇಜಲ್ಲ್ ಅದ್ ಕಳ್ಳತನ, ಅಮ್ಮ."

ಅಮ್ಮ ಬಂಗುಡೆಯ ಮೇಲೆ ನೀರು ಚಿಮುಕಿಸಿದಳು.

"ಹಂಗಾರೆ ಇದ್ದದ್ ಇದ್ದಂಗೆ ಹೇಳ್ ಹೆಣೆ. ಇಬ್ರೂ ಒಟ್ಟಿಗೆ ಬೈಸ್ಕಂಬುದ್."

"ಹೇಳ್ತೆ" ಎಂದೆ. ಮನಸಾರೆ ಎಂದೆ.

ಗುರುವಾರ ಬೆಳಿಗ್ಗೆ ಪರದೆಯ ಮೇಲೆ ಮೂವರು ಕೂತಿದ್ದರು. ಹೇಳಬೇಕಾದದ್ದನ್ನೆಲ್ಲ ಇಂಗ್ಲಿಷಿನಲ್ಲಿ ಬಾಯಿಪಾಠ ಮಾಡಿದ್ದೆ. ನಾನು ಬಾಯಿ ತೆರೆಯುವ ಮೊದಲೇ ನಡುವೆ ಕೂತಿದ್ದ ಹೆಂಗಸು ಮಾತಾಡಿದರು. ನನ್ನ ರೂಮಿನವಳು ನಿನ್ನೆಯೇ ಒಪ್ಪಿಕೊಂಡಿದ್ದಾಳೆ, ನಾನು ಹೊರಗೆ ಹೋಗಿದ್ದಾಗ ನನ್ನ ಲ್ಯಾಪ್‌ಟಾಪಿನಿಂದ ಅವಳೇ ಕದ್ದದ್ದಂತೆ, ನನಗೆ ಏನೂ ಗೊತ್ತಿಲ್ಲವಂತೆ. ಇದು ನಿಜವೇ ಎಂದು ಕೇಳಿದರು.

ಕಲಿತದ್ದೆಲ್ಲ ನಾಲಿಗೆಯ ತುದಿಯಲ್ಲೇ ಇತ್ತು. ಹೌದು ಎಂದೆ. ಅವರು ಥ್ಯಾಂಕ್ಸ್ ಹೇಳಿ ಕಾಲ್ ಮುಗಿಸಿದರು.

ಅಮ್ಮ ಮಾರ್ಕೆಟ್ಟಿಗೆ ಹೊರಡದೆ ಬಾಗಿಲ ಹತ್ತಿರ ಕಾಯುತ್ತಿದ್ದಳು.

"ಎಂತ ಆಯ್ತ್?"

"ಎಂತ ತೊಂದ್ರೆ ಇಲ್ಲೆ. ಕೋರ್ಸ್ ಮುಂದುವರ್ಸುಕ್ ಆತ್ತ್."

ಅವಳು ದೇವರ ಪಟದ ಕಡೆ ತಿರುಗಿ ಕೈಮುಗಿದಳು. ಆಮೇಲೆ ಸೆರಗು ಸಿಕ್ಕಿಸಿಕೊಳ್ಳುತ್ತಾ, "ಆ ಹುಡ್ಗಿಗೂ ಎಂತ ತೊಂದ್ರೆ ಇಲ್ಲೆ ಅಲ್ದಾ?" ಎಂದು ಕೇಳಿದಳು.

ಅಮ್ಮನಿಗೂ ಹೌದು ಎಂದೆ.